ಬಚ್ಚಲ ಬಾಗಿಲಿಂದ ಶುರು ಮಾಡಿ

ನಮಸ್ಕಾರ ಮೇಡಂ,

ವಯಸ್ಸಾದವರ ಮನೆ ಮಾರ್ಪಾಡು ಕೆಲಸದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನ ತಾವೇ ಮಾಡ್ಕೊಳ್ಳೋಕೆ ನೆರವಾಗೋ ಚಿಕಿತ್ಸಕರು) ಪಳಗೋದು ಹೇಗೆ ಅಂತ ನೀವು ಕಳಿಸಿದ್ದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಪ್ರಕಟಿಸೋಕಾಗಲ್ಲ, ಬಿಡೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ಎರಡು ಪುಟ ಬರೀ ವ್ಯಾಖ್ಯಾನ. ವ್ಯಕ್ತಿ, ಪರಿಸರ, ಕೆಲಸ ಮೂರೂ ಹೊಂದ್ಬೇಕು ಅನ್ನೋ 1996ರ ಪಿಇಒ ಮಾಡೆಲ್ ವಿವರಿಸೋಕೆ ಒಂದು ಪುಟ ತಗೊಂಡಿದೀರ, ಆದ್ರೆ ಅದೇ ಮಾತನ್ನ ಮೂರನೇ ಪುಟದಲ್ಲಿ ಒಂದೇ ಪ್ಯಾರಾದಲ್ಲಿ ಕಣ್ಣಿಗೆ ಕಟ್ಟೋ ಹಾಗೆ ತೋರಿಸಿದೀರ. ಸ್ಟ್ರೋಕ್ ಆಗಿ ಎಡಗೈ ಸೋತಿರೋ ಅಜ್ಜಿ, ಬಚ್ಚಲಿಗೆ ಹೋಗುವಾಗ ಬಲಗೈಲಿ ಚೌಕಟ್ಟು ಹಿಡ್ಕೋತಾರೆ, ಹಿಡಿದು ಹಿಡಿದು ಅಲ್ಲಿ ಪೇಂಟ್ ಸವೆದು ಮರ ಕಾಣ್ತಿದೆ, ನೀವು ಟೇಪ್ ಇಟ್ಟು ಆ ಸವೆದ ಜಾಗದ ಎತ್ತರ ಅಳೆದು ಅಲ್ಲೇ ಹಿಡಿ ಹಾಕಿಸಿದ್ರಿ. ಆದ್ರೆ ವಾಪಸ್ ಬರುವಾಗ ಅದೇ ಹಿಡಿ ಸೋತ ಎಡಗೈ ಕಡೆಗೆ ಬಂತು, ಅಜ್ಜಿ ಹೊಸ್ತಿಲಲ್ಲೇ ನಿಂತುಬಿಟ್ರು. ಇದನ್ನ ಬ್ರಾಕೆಟ್‌ನಲ್ಲಿ ಒಂದು ಸಾಲು ಬರೆದು ಮುಗಿಸಿದೀರಲ್ಲ, ಯಾಕೆ ಮೇಡಂ? ಇಡೀ ಲೇಖನ ಇರೋದೇ ಅಲ್ಲಿ. ಸರ್ಟಿಫಿಕೇಟ್ ಕೋರ್ಸ್ ಮಾಡಿದ್ರೆ ಕೈ ಪಳಗುತ್ತೆ ಅಂತ ಕೊನೇಲಿ ಬರೆದಿದೀರ, ಅದು ನಂಗೆ ಒಪ್ಪಿಗೆ ಆಗ್ಲಿಲ್ಲ, ನಿಮ್ಮ ಕೈ ಪಳಗಿದ್ದು ಆ ಅಜ್ಜಿ ಒಳಗೆ ಹೋಗಿ ಹೊರಗೆ ಬರೋದನ್ನ ನಿಂತು ನೋಡಿದ್ಮೇಲೆ.

ಇನ್ನೊಂದು ತಪ್ಪಿದೆ, ಇದನ್ನ ಮಾತ್ರ ನಾನು ಬಿಡಲ್ಲ. ರ‍್ಯಾಂಪ್ ಇಳಿಜಾರು 1:12, ಅಂದ್ರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ, ಇರಬೇಕು ಅಂತ ಸರಿಯಾಗೇ ಹೇಳಿ, ಮುಂದಿನ ಪ್ಯಾರಾದಲ್ಲೇ ಒಂದೂವರೆ ಅಡಿ ಎತ್ತರದ ಬಾಗಿಲಿಗೆ 6 ಅಡಿ ರ‍್ಯಾಂಪ್ ಸಾಕು ಅಂದಿದೀರ. ನಿಮ್ಮ ಲೆಕ್ಕಕ್ಕೇ 18 ಅಡಿ ಬೇಕು! ಓದಿದವರು ಮೇಸ್ತ್ರಿ ಕರೆಸಿ 6 ಅಡೀಲಿ ಕಟ್ಟಿಸಿದ್ರೆ ವೀಲ್‌ಚೇರ್ ಹಿಡಿಯೋರ ಕೈ ತಪ್ಪಿ ಉರುಳುತ್ತೆ. 30×40 ಸೈಟಲ್ಲಿ 18 ಅಡಿ ಎಲ್ಲಿಂದ ತರೋದು, ತಿರುವು ಕೊಟ್ಟು ಕಟ್ಟೋದಾ, ಹಿಂಬಾಗಿಲು ತಗ್ಗಿದ್ರೆ ಅಲ್ಲಿಂದ ದಾರಿ ಮಾಡೋದಾ, ಅದನ್ನ ಬರೀರಿ.

ಹಿಡಿಯನ್ನ ಗೋಡೆಗೆ ಹೇಗೆ ಕೂರಿಸಬೇಕು ಅನ್ನೋದೂ ಬೇಕು. ನಮ್ಮಮ್ಮ ಟವೆಲ್ ರಾಡ್ ಹಿಡಿದು ಏಳೋಕೆ ಹೋಗಿ ರಾಡ್ ಸಮೇತ ಬಿದ್ದಿದ್ರು, ಬಟ್ಟೆ ಒಣಗಿಸೋ ರಾಡು ಮನುಷ್ಯರ ಭಾರ ತಡೆಯಲ್ಲ ಅಂತ ನಮಗೆ ಮೊದಲೇ ಯಾರೂ ಹೇಳಿರ್ಲಿಲ್ಲ.

ಅಜ್ಜಿ ಮನೆಯವರನ್ನ ಕೇಳಿ ಆ ಚೌಕಟ್ಟಿನ ಫೋಟೋ ಸಿಗುತ್ತಾ ನೋಡಿ. ತಿದ್ದಿದ್ಮೇಲೆ ನಂಗೇ ನೇರವಾಗಿ ಕಳಿಸಿ.