ಅಟ್ಟ ಸೇರಿದ ಕೌದಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಉದ್ಯೋಗ ಮತ್ತು ಮನೆಯ ವಿವರ ಬದಲಿಸಲಾಗಿದೆ.)

ಸುಮಾ, 34 ವರ್ಷ, ಶಾಲಾ ಶಿಕ್ಷಕಿ. ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸಿ ವರ್ಷ ತುಂಬಿತ್ತು. ಬಂದದ್ದು ತಲೆನೋವು, ನಿದ್ದೆ ಇಲ್ಲ ಅಂತ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಸರಿ ಇದ್ದವು. ಮಾತಾಡುತ್ತ ಹೋದಂತೆ ಮನೆ ಕಣ್ಣಿಗೆ ಕಟ್ಟಿತು. ಬಿಳಿ ಸೋಫಾಕ್ಕೆ ಸದಾ ಪ್ಲಾಸ್ಟಿಕ್ ಹೊದಿಕೆ, ಅತ್ತೆಯ ಹೊರಸು ಮಾಳಿಗೆ ಮೇಲೆ, ಅವರು ಹಳೆ ಸೀರೆಗಳಿಂದ ಹೊಲಿದ ಕೌದಿ ಅಟ್ಟದ ಮೇಲೆ. ರಾತ್ರಿ ಊಟವಾದ ಮೇಲೆ ಎರಡೂವರೆ ತಾಸು ಒರೆಸುವುದೇ ಕೆಲಸ. ಜೊತೆಗೆ ಬಂದಿದ್ದ ಗಂಡ ಹೇಳಿದ್ದು ಒಂದೇ ಮಾತು: "ನಮ್ಮ ಮನ್ಯಾಗ ನಮಗೇ ಕುಂದರ್ಲಾಕ ಜಾಗ ಇಲ್ರಿ."

ಇಂಥಲ್ಲಿ ಮೊದಲು ನೋಡಬೇಕಾದದ್ದು ಗೀಳು ಮನೋರೋಗ ಇದೆಯೇ ಎಂದು. ಬೇಡವೆಂದರೂ ನುಗ್ಗುವ ಯೋಚನೆ, ಎಣಿಕೆ, ಇಷ್ಟೇ ಸಲ ತೊಳೆಯಲೇಬೇಕೆಂಬ ಒತ್ತಡ ಇದ್ದರೆ ಮನೋವೈದ್ಯರ ಬಳಿ ಕಳಿಸಲೇಬೇಕು. ಸುಮಾಗೆ ಅದಾವುದೂ ಇರಲಿಲ್ಲ. ತವರೂರಿಗೆ ಹೋದರೆ ಸಗಣಿ ಸಾರಿಸಿದ ನೆಲದ ಮೇಲೆ ನೆಮ್ಮದಿಯಾಗಿ ಮಲಗುತ್ತಿದ್ದಳು. ಒಂದು ವಾರ ಬರೆದಿಡಲು ಹೇಳಿದೆವು: ಎಷ್ಟು ಹೊತ್ತಿಗೆ, ಏನು ಒರೆಸಿದೆ, ಯಾರ ಕಣ್ಣಿಗಾಗಿ. ಆ ಮೂರನೇ ಕಾಲಮಿನಲ್ಲಿ 19 ನಮೂದುಗಳ ಪೈಕಿ 14 ಕಡೆ ಒಂದೇ ಪದ: "ಮಂದಿ".

ನಿದ್ದೆಗೇಡಿಗೆ ಇನ್ನೊಂದು ಸರಳ ಕಾರಣವೂ ಸಿಕ್ಕಿತು. ಧೂಳು ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಕೂಲರ್ ಹಚ್ಚುತ್ತಿದ್ದಳು. ಕೂಲರ್ ಗಾಳಿ ತಣ್ಣಗಾಗುವುದು ನೀರು ಆವಿಯಾಗುವುದರಿಂದ. ಆ ತೇವ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೋಣೆ ಜಿಗುಟಾಗುತ್ತದೆ, ಬೆವರು ಆರುವುದಿಲ್ಲ. ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿಡಲು ಹೇಳಿದೆವು. ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಇದನ್ನು ಕೇಳದೆ ನಿದ್ದೆಯ ಸಲಹೆ ಕೊಡಬಾರದು. ಅಂಗಳದ ಶಹಾಬಾದ್ ಫರಸಿಗೆ ಹೊಳಪು ಬರಲೆಂದು ಆಸಿಡ್ ಹಾಕಿ ಬಿಳಿ ಕಲೆ ಮಾಡಿಕೊಂಡಿದ್ದಳು. ಅದು ಸುಣ್ಣದ ಕಲ್ಲು, ಆಸಿಡ್ ಮೇಲ್ಪದರವನ್ನೇ ತಿನ್ನುತ್ತದೆ. ಬರೀ ನೀರು ಸಾಕು.

ಎರಡನೇ ಭೇಟಿಯಲ್ಲಿ ಕೊಟ್ಟ ಕೆಲಸ ಇಷ್ಟೇ: ಮನೆಯಲ್ಲಿ ಒಂದು ಚಾಪೆಯಷ್ಟು ಜಾಗ ತನ್ನದೆಂದು ಆರಿಸಿಕೊಳ್ಳಬೇಕು. ಶಾಲೆಯಿಂದ ಬಂದ ಮೇಲೆ 20 ನಿಮಿಷ ಅಲ್ಲಿ ಕುಳಿತು ಚಹಾ ಕುಡಿಯಬೇಕು. ಅಲ್ಲೇ ತಪ್ಪಾಯಿತು. ಮುಂದಿನ ಭೇಟಿಗೆ ಫೋನಿನಲ್ಲಿ ಚಿತ್ರ ತಂದಳು: ಹೊಸ ದಿಂಬು, ಹೊಸ ದೀಪದ ಸರ, ಹಿತ್ತಾಳೆ ಕುಂಡ. ಮೊಬೈಲಿನಲ್ಲಿ ಕಂಡ 'ಬೆಚ್ಚನೆಯ ಮೂಲೆ'ಯೂ ಅವಳಿಗೆ ಇನ್ನೊಂದು ಪರೀಕ್ಷೆಯೇ ಆಗಿತ್ತು. ಮನೆಯಲ್ಲಿ ಇಂಥ ಮೂಲೆ ಸಿಂಗರಿಸುವ ಈಗಿನ ಒಲವಿನಲ್ಲಿ ಎಚ್ಚರ ಬೇಕಾದದ್ದು ಇಲ್ಲಿಯೇ. ಆದ್ದರಿಂದ ಎರಡು ಕಟ್ಟು ಹಾಕಿದೆವು: ಆ ಜಾಗಕ್ಕೆ ಏನೂ ಕೊಳ್ಳಬಾರದು, ಮನೆಯಲ್ಲಿದ್ದುದನ್ನೇ ತರಬೇಕು. ಮೂರು ವಾರ ಫೋಟೋ ತೆಗೆಯಬಾರದು. ಹೊರಸು ಕೆಳಗಿಳಿಯಿತು. ಕೌದಿಯೂ.

ಕೌದಿ ಇಳಿದದ್ದರಿಂದ ಇನ್ನೊಂದು ಸಂಗತಿ ಗೊತ್ತಾಯಿತು. ಐದು ವರ್ಷದ ಮಗ ರಾತ್ರಿ ಎದ್ದು ಅಳುವುದು ಶುರುವಾದದ್ದು ಅದು ಅಟ್ಟ ಸೇರಿದ ಮೇಲೆಯೇ. ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಗು ಅಪ್ಪಿಕೊಳ್ಳುವ ಬಟ್ಟೆಯ ಬಗ್ಗೆ ಬರೆದಿದ್ದಾರೆ. ಅದನ್ನು ತೊಳೆದರೆ ಮಗುವಿಗೆ ಎಳೆ ತುಂಡಾದಂತೆ, ಅದಕ್ಕೇ ತಾಯಿ ಅದು ಮಾಸಿದರೂ ಸುಮ್ಮನಿರುತ್ತಾಳೆ ಎನ್ನುತ್ತಾರೆ. ಕುಂದೇ ಇಲ್ಲದ ತಾಯಿ ಬೇಕಿಲ್ಲ, ಸಾಕೆನಿಸುವಷ್ಟು ಒಳ್ಳೆಯ ತಾಯಿ ಸಾಕು ಎಂಬ ಮಾತೂ ಅದರಲ್ಲೇ ಇದೆ. ಇದನ್ನು ಹೇಳಿದಾಗ ಸುಮಾ ಬಹಳ ಹೊತ್ತು ಅತ್ತಳು.

ಆಮೇಲೆ ಭಯವನ್ನೇ ಒರೆಗೆ ಹಚ್ಚುವ ಕೆಲಸ. ಸೋಫಾದ ಪ್ಲಾಸ್ಟಿಕ್ ತೆಗೆದು, ಮಗನ ಆಟಿಕೆ ನೆಲದ ಮೇಲೇ ಬಿಟ್ಟು, ಪಕ್ಕದ ಮನೆಯವರನ್ನು ಚಹಾಕ್ಕೆ ಕರೆಯಬೇಕು. ಮೊದಲೇ ಬರೆದಿಡಬೇಕು: ಅವರು ಏನನ್ನಬಹುದು, ನೂರಕ್ಕೆ ಎಷ್ಟು ಕಸಿವಿಸಿ. ನಡುವೆ ಎದ್ದು ಆಟಿಕೆ ಎತ್ತಿಡಬಾರದು. ಎತ್ತಿಟ್ಟರೆ 'ಎತ್ತಿಟ್ಟದ್ದಕ್ಕೇ ಮರ್ಯಾದೆ ಉಳಿಯಿತು' ಎಂದು ಮನಸ್ಸು ನಂಬುತ್ತದೆ, ಭಯ ಹಾಗೇ ಉಳಿಯುತ್ತದೆ. ಕೂತಾಗ 85 ಇದ್ದದ್ದು ಮುಕ್ಕಾಲು ತಾಸಿಗೆ 30ಕ್ಕೆ ಇಳಿದಿತ್ತು. ಪಕ್ಕದ ಮನೆಯವರು ಮಾತಾಡಿದ್ದೆಲ್ಲ ತೊಗರಿ ರೇಟಿನದೇ.

ಎಲ್ಲ ಸಲವೂ ಹೀಗಾಗಲಿಲ್ಲ. ಗಂಡನ ಅಕ್ಕ ಬಂದವರೇ "ಏನವ್ವ, ಮನಿ ಹಿಂಗ ಬಿಟ್ಟೀದಿ?" ಅಂದರು. ಯಾರೂ ಏನೂ ಅನ್ನುವುದಿಲ್ಲ ಎಂದು ಸಲಹೆಗಾರರು ಮಾತು ಕೊಡಬಾರದು, ಅನ್ನುವವರು ಇರುತ್ತಾರೆ. ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಸಿದ್ದೆವು: "ಇವತ್ತ ಹಿಂಗೇ ಅದ ಅಕ್ಕಾ, ಚಹಾ ತಗೋರಿ." ಹೇಳಿದಳು. ಕೈ ನಡುಗಿತಂತೆ, ಆದರೂ ಹೇಳಿದಳು.

ಗಂಡನಿಗೂ ಕೆಲಸ ಕೊಟ್ಟೆವು. "ಬಿಡು, ಏನಾಗಲ್ಲ" ಎನ್ನುವುದನ್ನು ನಿಲ್ಲಿಸಿ ರಾತ್ರಿ ಭಾಂಡಿ ತಿಕ್ಕುವುದು. ಮನೆಯ ಭಾರವೆಲ್ಲ ಒಬ್ಬಳ ತಲೆ ಮೇಲಿರುವಾಗ ಅವಳಿಗೊಬ್ಬಳಿಗೇ ಬುದ್ಧಿ ಹೇಳುವುದು ಅನ್ಯಾಯ.

ಆರನೇ ಭೇಟಿಯ ಹೊತ್ತಿಗೆ ರಾತ್ರಿಯ ಕೆಲಸ ಮುಕ್ಕಾಲು ತಾಸಿಗೆ ಇಳಿದಿತ್ತು. ಗಾಜಿನ ಶೋಕೇಸನ್ನು ಮಾತ್ರ ದಿನಾ ಒರೆಸುತ್ತಾಳೆ. ಅದು ಅವಳಿಗೆ ಖುಷಿ, ಅದಕ್ಕೆ ಕೈಹಾಕಲಿಲ್ಲ. ಮುಂದೆ ದಸರಾ, ಹಾಸಿಗೆ ಹೊದಿಕೆ ಎಲ್ಲ ತೊಳೆಯುವ ಹೊತ್ತು. ಕೌದಿ ನೀರು ಕುಡಿದರೆ ಹಿಂಡಲು ಇಬ್ಬರು ಬೇಕು. ಒಳಪದರ ಆರದೆ ಮಡಚಿದರೆ ಮುಗ್ಗಲು ವಾಸನೆ ಬರುತ್ತದೆ, ಎರಡು ದಿನ ತಿರುವಿ ಹಾಕಿ ಒಣಗಿಸಬೇಕು. ಆ ಎರಡು ರಾತ್ರಿಗೆಂದು ಅದೇ ಸೀರೆಯ ಗೇಣುದ್ದದ ತುಂಡನ್ನು ತೊಳೆಯದೆ ಮಗನ ಕೈಗೆ ಕೊಡಲು, ಯಾವತ್ತು ತೊಳೆಯುತ್ತೇವೆಂದು ಅವನಿಗೆ ಮೊದಲೇ ತಿಳಿಸಲು ಅಜ್ಜಿಗೆ ಹೇಳಿ ಕಳಿಸಿದ್ದೇವೆ.