ಮೂತ್ರದ ರಭಸಕ್ಕೂ ಬ್ಯಾಕ್ಟೀರಿಯಾ ಕೊಚ್ಚಿಹೋಗಲ್ಲ, ಯಾಕೆ?

ಪ್ರಶ್ನೆ: ಒಂದೇ ವರ್ಷದಲ್ಲಿ ಎರಡು ಸಲ ಉರಿಮೂತ್ರ ಆಯ್ತು. ನೀರು ಚೆನ್ನಾಗಿ ಕುಡೀತೀನಿ. ಮೂತ್ರದ ಜೊತೆ ಬ್ಯಾಕ್ಟೀರಿಯಾನೂ ಹೊರಗೆ ಹೋಗಬೇಕಲ್ವಾ? ಮನೆಯವರಿಗೆ ಹರಡುತ್ತಾ?

ಉತ್ತರ: ಹೋಗಬೇಕು ನಿಜ, ಎಷ್ಟೋ ಹೋಗುತ್ತವೆ ಕೂಡ. ಉಳಿಯೋದು ಗಟ್ಟಿಯಾಗಿ ಹಿಡಿದುಕೊಂಡವು ಮಾತ್ರ. ಉರಿಮೂತ್ರಕ್ಕೆ ಹೆಚ್ಚಿನ ಸಲ ಕಾರಣ ಇ. ಕೊಲೈ ಅನ್ನೋ ಬ್ಯಾಕ್ಟೀರಿಯಾ. ಇದರ ಮೈತುಂಬ ಕೂದಲಿನಂಥ ಎಳೆಗಳಿರುತ್ತವೆ, ಪಿಲೈ ಅಂತೀವಿ. ಪ್ರತಿ ಎಳೆಯ ತುದಿಯಲ್ಲಿ ಫಿಮ್‌ಎಚ್ ಅನ್ನೋ ಪ್ರೋಟೀನ್. ಮೂತ್ರಕೋಶದ ಒಳಗೋಡೆಯ ಜೀವಕೋಶಗಳ ಮೇಲೆ ಮ್ಯಾನೋಸ್ ಎಂಬ ಸಕ್ಕರೆ ಇರುತ್ತೆ, ಫಿಮ್‌ಎಚ್ ಅದನ್ನೇ ಹುಡುಕಿ ಹಿಡಿಯುತ್ತೆ.

ಇಲ್ಲೊಂದು ಸೋಜಿಗ ಇದೆ. ಎಳೆದಷ್ಟೂ ಈ ಹಿಡಿತ ಬಿಗಿಯಾಗುತ್ತೆ! 2002ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದರು. ಹರಿವು ನಿಧಾನ ಇದ್ದಾಗ ಬ್ಯಾಕ್ಟೀರಿಯಾ ಸಡಿಲವಾಗಿ ಜಾರುತ್ತಾ ಓಡಾಡುತ್ತೆ, ಜೋರಾದ ತಕ್ಷಣ ಪ್ರೋಟೀನಿನ ಆಕಾರವೇ ಬದಲಾಗಿ ಕಚ್ಚಿ ಹಿಡಿಯುತ್ತೆ. ಅದರ ಮೇಲೆ ಆ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರೋದರಿಂದ, ಜಗ್ಗಿದರೆ ಸುತ್ತು ಬಿಚ್ಚಿ ಉದ್ದವಾಗುತ್ತೆ, ತುಂಡಾಗಲ್ಲ. ಹಾಗಂತ ನೀರು ಕುಡಿಯೋದು ಬಿಡಬೇಡಿ, ಇನ್ನೂ ಅಂಟದೆ ತೇಲುತ್ತಿರೋವು ಅದರಿಂದ ಹೋಗುತ್ತವೆ.

ಇದೇ ಇ. ಕೊಲೈ ಜಾತಿಯಲ್ಲಿ ಮಕ್ಕಳಿಗೆ ಭೇದಿ ತರುವ ಒಂದು ಬಗೆ ಇದೆ. ಅದು ಕರುಳಿನ ಜೀವಕೋಶಕ್ಕೆ ಸೂಜಿ ಚುಚ್ಚಿದಂತೆ ತನ್ನದೇ ಪ್ರೋಟೀನ್ ಒಂದನ್ನು ಒಳಗೆ ಸೇರಿಸುತ್ತೆ, ಆ ಪ್ರೋಟೀನ್ ಜೀವಕೋಶದ ಹೊರಮೈಗೆ ಬಂದು ನಿಲ್ಲುತ್ತೆ, ಆಮೇಲೆ ಬ್ಯಾಕ್ಟೀರಿಯಾ ಅದನ್ನೇ ಹಿಡಿದುಕೊಳ್ಳುತ್ತೆ. ಹಿಡಿಯೋಕೆ ಬೇಕಾದ ಗೂಟವನ್ನೂ ತಾನೇ ತಂದು ನೆಟ್ಟಂತೆ. ಇಷ್ಟು ವರ್ಷ ಓದಿದ ಮೇಲೂ ನನಗೆ ಇದು ಬೆರಗೇ.

ಇನ್ನು ಹರಡುವ ಮಾತು. ಎಲ್ಲಿ ಅಂಟುತ್ತೆ ಅನ್ನೋದರ ಮೇಲೆ ಅದು ಜಾಸ್ತಿ ನಿಂತಿದೆ. ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಉಸಿರುನಾಳದ ಸಣ್ಣ ರೋಮಗಳಿಗೆ ಅಂಟುತ್ತೆ. ಕಫವನ್ನು ಮೇಲಕ್ಕೆ ತಳ್ಳೋದು ಆ ರೋಮಗಳ ಕೆಲಸ. ರೋಮದ ಜೀವಕೋಶಗಳು ಸತ್ತರೆ ಕಫ ಹೊರಹಾಕೋಕೆ ಉಳಿಯೋದು ಕೆಮ್ಮು ಒಂದೇ, ಆ ಕೆಮ್ಮಿನ ಹನಿಗಳಲ್ಲೇ ಬ್ಯಾಕ್ಟೀರಿಯಾ ಪಕ್ಕದವರನ್ನು ಸೇರುತ್ತೆ. ಕಾಲರಾದ್ದು ಸಣ್ಣಕರುಳಿಗೆ ಅಂಟಿ, ಸಂಖ್ಯೆ ಹೆಚ್ಚಿಸಿಕೊಂಡು, ಕೊನೆಗೆ ಹಿಡಿತ ಬಿಟ್ಟು ಭೇದಿಯ ಜೊತೆ ಹೊರಬರುತ್ತೆ. ಅಲ್ಲಿಂದ ನೀರಿಗೆ, ಇನ್ನೊಬ್ಬರ ಬಾಯಿಗೆ.

ನಿಮ್ಮ ಉರಿಮೂತ್ರ ಹಾಗೆ ಹರಡಲ್ಲ. ಆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬರೋದು ನಿಮ್ಮದೇ ಕರುಳಿಂದ. ಮನೆಯವರ ಜೊತೆ ತಟ್ಟೆ, ಶೌಚಾಲಯ ಹಂಚಿಕೊಳ್ಳೋಕೆ ಹೆದರಬೇಡಿ. ಆದರೆ ಎರಡು ಸಲ ಆಗಿದೆಯಲ್ಲ, ಸುಮ್ನೆ ಹಳೇ ಮಾತ್ರೆ ನುಂಗಬೇಡಿ, ಮೂತ್ರದ ಕಲ್ಚರ್ (ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ಯಾವುದು ಅಂತ ನೋಡೋ ಪರೀಕ್ಷೆ) ಮಾಡಿಸಿ. ಚಳಿಜ್ವರ ಬಂದು ಪಕ್ಕೆಯ ಹಿಂಭಾಗ ನೋಯುತ್ತಿದ್ದರೆ ಅದು ಮೂತ್ರಪಿಂಡಕ್ಕೆ ಏರಿರಬಹುದು, ಅಂದೇ ವೈದ್ಯರ ಹತ್ತಿರ ಹೋಗಿ.