ಬೋರ್ಡೋ ಹೊಡೆಯಲು ಗುತ್ತಿಗೆ ತಂಡವೋ, ಸಂಘದ ಹುಡುಗರೋ?

ಹೆಗಡೆಯವರೇ, ಸಂಘದ ಸದಸ್ಯರ ಅಡಿಕೆ ತೋಟಗಳಿಗೆ ಕೊಳೆರೋಗ ತಡೆಯುವ ಬೋರ್ಡೋ ಔಷಧಿ ಹೊಡೆಸೋದನ್ನ ಗುತ್ತಿಗೆ ತಂಡಕ್ಕೆ ಕೊಡೋದಾ, ಇರುವ ಹುಡುಗರನ್ನೇ ತಯಾರು ಮಾಡೋದಾ ಅಂತ ಕೇಳಿದ್ದೀರಿ. ನನ್ನ ಮತ ಹುಡುಗರಿಗೆ. ದುಡ್ಡು ಉಳಿಯುತ್ತದೆ ಅಂತಲ್ಲ, ಮೊದಲ ವರ್ಷ ಉಳಿಯೋದೂ ಇಲ್ಲ. ಪ್ರಶ್ನೆ ಹೊಳವಿನದು, ಅಂದರೆ ಮಳೆ ಬಿಡುವು ಕೊಡುವ ಹೊತ್ತಿನದು. ಜುಲೈನಲ್ಲಿ ಮಳೆ ಎರಡು ದಿನ ಬಿಟ್ಟರೆ ಆ ಎರಡೇ ದಿನದಲ್ಲಿ ಅಡಿಕೆ ಕೊನೆಗೆ (ಗೊನೆಗೆ) ಔಷಧಿ ಬೀಳಬೇಕು, ಆಗ ಊರಿಗೆಲ್ಲ ಒಟ್ಟಿಗೇ ತಂಡ ಬೇಕು, ಗುತ್ತಿಗೆಯವರು ಫೋನೇ ಎತ್ತೋದಿಲ್ಲ ಅಲ್ವಾ? ಸಂಬಳದ ಹುಡುಗರಾದರೆ ಗೋದಾಮಿನಲ್ಲಿ ಗೊಬ್ಬರದ ಚೀಲ ಎಣಿಸುತ್ತಿದ್ದವರನ್ನ ಅಲ್ಲಿಂದಲೇ ತೋಟಕ್ಕೆ ಕಳಿಸಬಹುದು.

ಗುತ್ತಿಗೆಯಲ್ಲಿ ಕೂಲಿಗೆ ಡ್ರಮ್ಮಿನ ಲೆಕ್ಕ ಇಟ್ಟರೆ ಡ್ರಮ್ಮು ಬೇಗ ಖಾಲಿ, ಮರದ ಲೆಕ್ಕ ಇಟ್ಟರೆ ಔಷಧಿ ಉಳಿಯುತ್ತದೆ. ಎರಡರಲ್ಲೂ ಕೊನೆ ಪೂರ್ತಿ ನೆನೆಯೋದು ಅನುಮಾನ. ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ನಿಯತ್ತಿನ ಕೊನೆಗೌಡರೂ ಇದ್ದಾರೆ, ಆದರೆ ಅವರಿಗೂ ವಯಸ್ಸಾಯ್ತು.

ಹುಡುಗರಿಗೆ ಮೊದಲು ಕಲಿಸಬೇಕಾದ್ದು ಮರ ಹತ್ತೋದಲ್ಲ, ಮಿಶ್ರಣ. 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಒಳ್ಳೆಯ ಸುಣ್ಣ ಇನ್ನೊಂದು 50 ಲೀಟರಿಗೆ. ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಕಬ್ಬಿಣದ್ದು ಬೇಡವೇ ಬೇಡ. ಮೈಲುತುತ್ತಿನ ನೀರನ್ನ ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಆಮೇಲೆ ಉಜ್ಜಿ ಹೊಳೆಯುವ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು. ಇಷ್ಟನ್ನು ಒಬ್ಬನ ಜವಾಬ್ದಾರಿಗೆ ಬಿಡಿ, ಹತ್ತು ಜನ ಕೈ ಹಾಕೋದು ಬೇಡ.

ಮರ ಹತ್ತಲು ಬಾರದವರು ಇದ್ದೇ ಇರುತ್ತಾರೆ, ಅವರಿಗೆ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಕೊಡಿ. ಒಬ್ಬ ರೈತನಿಗೆ ಅದು ದುಬಾರಿ, ಸಂಘಕ್ಕಾದರೆ ಹೊರೆಯಲ್ಲ, ಕೊಯ್ಲಿಗೂ ಬಾಡಿಗೆಗೆ ಕೊಡಬಹುದು. ನೋಡೋಕೆ ಸುಲಭ, ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿಯುತ್ತದೆ, ಅದಕ್ಕೆ ಇಬ್ಬರನ್ನು ಸರದಿಯಲ್ಲಿ ಹಾಕಿ.

ಹೊರಗಿನವರು ಬೇಕೇ ಬೇಕಾದ್ದು ಕಲಿಸೋದಕ್ಕೆ ಮತ್ತು ಪಂಪಿನ ಎಂಜಿನ್ ರಿಪೇರಿಗೆ. ವಿಟ್ಲದ ಸಿಪಿಸಿಆರ್‌ಐನಲ್ಲಿ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಇಂಥ ತರಬೇತಿ ಶಿಬಿರ ಹಿಂದೆ ನಡೆದಿವೆ, ಅಲ್ಲೊಮ್ಮೆ ಕೇಳಿ. ಅಪಘಾತ ವಿಮೆ ಮಾಡಿಸದೆ ಮಾತ್ರ ಯಾರನ್ನೂ ಮರಕ್ಕೆ ಹತ್ತಿಸಬೇಡಿ, ಆಡಳಿತ ಮಂಡಳಿ ಎಷ್ಟೇ ಗೊಣಗಲಿ.

ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಎರಡನೆಯದು ಅದಾಗಿ 40–45 ದಿನಕ್ಕೆ. ಆ ವಾರ ಹುಡುಗರನ್ನ ಬೇರೆ ಕೆಲಸಕ್ಕೆ ಹಚ್ಚೋದಿಲ್ಲ ಅಂತ ಈಗಲೇ ಠರಾವು ಬರೆಸಿಡಿ.